ಕಿವಿ ಮೇಸ್ತ್ರಿ ಮತ್ತು ಎರಡು ಸ್ಪೋರ್ಟ್ಸ್ ಕಾರು

ನನ್ನ ಭಾವನನ್ನು ಊರೆಲ್ಲ ಕರೆಯುವುದು ಕಿವಿ ಮೇಸ್ತ್ರಿ ಎಂದು. ಆ ಹೆಸರನ್ನು ಯಾರಿಟ್ಟರೋ ಗೊತ್ತಿಲ್ಲ, ಆದರೆ ಸುಮ್ಮನೆ ಇಟ್ಟದ್ದಲ್ಲ. ಹಳೇ ಕಾರು ಕೊಳ್ಳುವವರು ವ್ಯವಹಾರ ಮುಗಿಸುವ ಮೊದಲು ಅದನ್ನು ಭಾವನ ಗ್ಯಾರೇಜಿಗೆ ತಂದು ನಿಲ್ಲಿಸುತ್ತಿದ್ದರು. ಭಾವ ಇಂಜಿನ್ ಶುರು ಮಾಡಿಸಿ, "ಎಲ್ರೂ ಬಾಯಿ ಮುಚ್ಕೊಳ್ಳಿ" ಎಂದು ಗದರಿ, ಐದು ನಿಮಿಷ ಕೈಕಟ್ಟಿ ನಿಂತು ಕೇಳುತ್ತಿದ್ದರು. ಆಮೇಲೆ ಒಂದೇ ಮಾತು: "ತಗೊಳ್ಳಿ." ಇಲ್ಲವೆಂದರೆ, "ಬಿಡಿ." ಯಾಕೆ, ಏನು ಎಂದು ಕೇಳಿದರೆ ಉತ್ತರವಿಲ್ಲ. ಮೂವತ್ತು ವರ್ಷದಲ್ಲಿ ಆ ಮಾತು ಒಂದು ಸಲವೂ ಹುಸಿಯಾಗಿರಲಿಲ್ಲ.

ಮೊದಲೆಲ್ಲ ಕೇಳುವಾಗ ಕಣ್ಣು ಮುಚ್ಚುತ್ತಿದ್ದರು. ಈಚೆಗೆ ಎರಡು ವರ್ಷದಿಂದ ತೆರೆದೇ ಇಟ್ಟುಕೊಳ್ಳುತ್ತಿದ್ದರು. "ವಯಸ್ಸಾಯ್ತಲ್ಲ ಭಾವ, ಕಣ್ಣು ಮುಚ್ಚಿದ್ರೆ ನಿದ್ದೆ ಬಂದ್ಬಿಡುತ್ತೆ ಅಂತ ಭಯಾನಾ?" ಎಂದು ನಾನು ಛೇಡಿಸುತ್ತಿದ್ದೆ. ಪಕ್ಕದ ಟೈರ್ ಅಂಗಡಿ ನನ್ನದು. ಅವರ ಹೆಂಡತಿಯ ತಮ್ಮ ಅನ್ನುವ ಸಲಿಗೆ ಬೇರೆ. ಭಾವ ನನ್ನ ಮಾತಿಗೆ ಉತ್ತರ ಕೊಡುತ್ತಿರಲಿಲ್ಲ. ಅದು ಗಾಂಭೀರ್ಯ ಎಂದು ನಾನು ತಿಳಿದಿದ್ದೆ.

ಅಕ್ಕನ ಜಾಗ ಗ್ಯಾರೇಜಿನ ಒಳಗೋಡೆಯ ಪಕ್ಕ. ಯಾವುದೋ ಗುಜರಿ ಕಾರಿನಿಂದ ಬಿಚ್ಚಿದ ಸೀಟೊಂದನ್ನು ಭಾವ ಅವಳಿಗಾಗಿ ಅಲ್ಲಿ ಕೂರಿಸಿಕೊಟ್ಟಿದ್ದರು. ಬೆಳಿಗ್ಗೆ ಗಂಡನ ಊಟದ ಡಬ್ಬಿ ಹಿಡಿದು ಬಂದವಳು ಸಂಜೆವರೆಗೂ ಅದರಲ್ಲೇ ಕೂತು ಸ್ಟೀಲ್ ಕಡ್ಡಿಗಳಲ್ಲಿ ಸ್ವೆಟರ್ ಹೆಣೆಯುತ್ತಿದ್ದಳು. ಅವಳಿಗೆ ಬ್ರೇಕ್ ಯಾವುದು, ಕ್ಲಚ್ ಯಾವುದು ಎಂದೂ ತಿಳಿಯದು. ಹೆಣೆದ ಸ್ವೆಟರ್‌ಗಳು ಮಾತ್ರ ನಮ್ಮ ಮನೆಯಲ್ಲಿ ಒಂದು ಪೆಟ್ಟಿಗೆ ತುಂಬಾ ಇವೆ.

ಹೀಗಿರುವಾಗ ಒಂದು ಗುರುವಾರ ಹಲ್ಲಿನ ಡಾಕ್ಟ್ರಮ್ಮ ಬಂದರು. ಎರಡು ಬೀದಿ ಆಚೆ ಅವರ ಕ್ಲಿನಿಕ್. ನನ್ನ ದವಡೆ ಹಲ್ಲು ಕಿತ್ತವರೂ ಅವರೇ. ಈ ತಿಂಗಳ ಕೊನೆಗೆ ಕ್ಲಿನಿಕ್ ಬಿಟ್ಟುಕೊಟ್ಟು ಮನೆಯಲ್ಲಿರುತ್ತಾರಂತೆ, ಅದಕ್ಕೆ ಮೊದಲು ಒಂದು ಸ್ಪೋರ್ಟ್ಸ್ ಕಾರು ಕೊಳ್ಳಬೇಕಂತೆ! ಅರುವತ್ತಕ್ಕೆ ಅರಳು ಮರಳು ಅಂದುಕೊಂಡೆ. ನನ್ನ ಮುಖದಲ್ಲೇ ಅದು ಕಂಡಿರಬೇಕು.

"ನಗಬೇಡಿ," ಎಂದರು ಡಾಕ್ಟ್ರಮ್ಮ. "ಹನ್ನೆರಡು ವರ್ಷದ ಹುಡುಗಿ ಇದ್ದಾಗಿಂದ ಆಸೆ. ಮೂವತ್ತೈದು ವರ್ಷ ಬೇರೆಯವರ ಬಾಯಲ್ಲಿ ಬಗ್ಗಿ ಬಗ್ಗಿ ನೋಡಿದ್ದಾಯ್ತು. ಇನ್ನಾದ್ರೂ ತಲೆಯೆತ್ತಿ ರಸ್ತೆ ನೋಡ್ತೀನಿ."

ಅವರು ಆರಿಸಿಕೊಂಡು ಬಂದದ್ದು ಎರಡು ಕಾರು. ಎರಡೂ ಐದು ವರ್ಷ ಓಡಿದವು, ಬೆಲೆಯೂ ಒಂದೇ. ಶನಿವಾರ ಸಂಜೆಯೊಳಗೆ ಒಂದನ್ನು ಹೇಳಬೇಕು. ಮಾರುವವರಿಬ್ಬರೂ ಮೇಸ್ತ್ರಿಯ ಹೆಸರು ಕೇಳಿ ಅಲ್ಲಿಯವರೆಗೆ ಕೀಲಿಯನ್ನು ಗ್ಯಾರೇಜಿನಲ್ಲೇ ಬಿಟ್ಟು ಹೋದರು.

ಒಂದು ಹಳದಿ. ನೆಲಕ್ಕೆ ಅಂಟಿಕೊಂಡಂತಹ ಮೈ, ಇಂಜಿನ್ ಸೀಟಿನ ಬೆನ್ನ ಹಿಂದೆ. ಒಳಗೆ ಕೂರಬೇಕಾದರೆ ಮೊದಲು ಕುಕ್ಕರುಗಾಲಲ್ಲಿ ಕೂತು ಆಮೇಲೆ ಜಾರಬೇಕು. ಆಕ್ಸಲರೇಟರ್ ಒತ್ತಿದರೆ ನನ್ನ ಅಂಗಡಿಯ ಗಾಜು ನಡುಗುತ್ತಿತ್ತು. ಇನ್ನೊಂದು ಕಡುನೀಲಿ. ಉದ್ದ ಬಾನೆಟ್, ಇಂಜಿನ್ ಮುಂದೆ. ಊರೊಳಗೆ ಸಾಧುವಾಗಿ ಹೋಗುತ್ತದೆ, ಬಯಲು ರಸ್ತೆಯಲ್ಲಿ ಒತ್ತಿದರೆ ನಾಲ್ಕು ಸೆಕೆಂಡಿಗೆ ನೂರು ದಾಟುತ್ತದೆ. ನನ್ನ ಕಣ್ಣು ಹೋಗುವುದೇ ಟೈರಿಗೆ. ನೀಲಿಯ ನಾಲ್ಕೂ ಟೈರು ಸಮವಾಗಿ ಸವೆದಿದ್ದವು. ಹಾಗೆಂದರೆ ಓಡಿಸಿದವನು ಮನುಷ್ಯನ ಹಾಗೆ ಓಡಿಸಿದ್ದಾನೆ. ಹಳದಿಗೆ ನಾಲ್ಕೂ ಹೊಸವು. ಅದರ ಹಳೇ ಟೈರುಗಳು ಏನು ಕಥೆ ಹೇಳುತ್ತಿದ್ದವೋ ಯಾರಿಗೆ ಗೊತ್ತು! ಆದರೆ ನನ್ನನ್ನು ಯಾರೂ ಕೇಳಲಿಲ್ಲ.

ಡಾಕ್ಟ್ರಮ್ಮ ನೀಲಿ ಕಾರಿನಲ್ಲಿ ಕೂತು ನೋಡಿ, ಚೆನ್ನಾಗಿದೆ ಎಂದರು. ಹಳದಿಯಲ್ಲಿ ಕೂತಾಗ ಮಾತೇ ಆಡಲಿಲ್ಲ. ಸ್ಟೀರಿಂಗ್ ಹಿಡಿದ ಆ ಮುಖ ನೋಡಬೇಕಿತ್ತು, ನಿಜವಾಗಿಯೂ ಹನ್ನೆರಡು ವರ್ಷದ್ದಾಗಿತ್ತು. "ಮೇಸ್ತ್ರಿಗಳೇ, ಕೂಡಿಟ್ಟಿದ್ದೆಲ್ಲ ಇದಕ್ಕೇ ಹೋಗುತ್ತೆ," ಎಂದರು ಇಳಿದ ಮೇಲೆ. "ಇಂಥ ಇಂಜಿನ್ ಒಂದು ಸಲ ಬಿಚ್ಚಬೇಕಾದ್ರೆ ಕಾರಿನ ಅರ್ಧ ಬೆಲೆ ಬೇಕಂತೆ. ಮತ್ತೆ ಕೂಡಿಡೋಕೆ ನನ್ನ ಹತ್ರ ಇನ್ನೊಂದು ಮೂವತ್ತೈದು ವರ್ಷ ಇಲ್ಲ. ನೀವು ಯಾವುದು ಅಂತೀರೋ ಅದು."

ಅವತ್ತು ಅಕ್ಕ ಬಂದಿರಲಿಲ್ಲ. ಮಂಡಿ ನೋವೆಂದು ಮನೆಯಲ್ಲಿದ್ದಳು. ಭಾವ ಎರಡೂ ಕಾರನ್ನು ಶುರು ಮಾಡಿಸಿದರು. ಯಾವತ್ತಿನ ಹಾಗೆ ಎಲ್ಲರ ಬಾಯಿ ಮುಚ್ಚಿಸಿದರು. ಆದರೆ ಐದು ನಿಮಿಷವಾದರೂ ತೀರ್ಪು ಬರಲಿಲ್ಲ, ಹತ್ತಾದರೂ ಬರಲಿಲ್ಲ. ಖಾಲಿ ಸೀಟಿನ ಕಡೆ ಒಮ್ಮೆ ನೋಡಿದರು. ಆಮೇಲೆ ಡಾಕ್ಟ್ರಮ್ಮನ ಮುಖ ನೋಡಿದರು.

"ಹಳದಿ," ಎಂದರು. "ತಗೊಳ್ಳಿ."

ಡಾಕ್ಟ್ರಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ಕುಂಟುತ್ತಾ ಬಂದು ತನ್ನ ಸೀಟಿನಲ್ಲಿ ಕೂತು ಹೆಣಿಗೆ ಶುರು ಮಾಡಿದಳು. ನನಗೆ ಅವಳ ಮುಂದೆ ಜಂಬ ಕೊಚ್ಚಿಕೊಳ್ಳುವ ಚಪಲ. "ಅಕ್ಕಾ, ಇದರ ಸದ್ದು ಕೇಳು, ಸಿಂಹ ಇದ್ದ ಹಾಗಿದೆ," ಎನ್ನುತ್ತಾ ಹಳದಿ ಕಾರನ್ನು ಶುರು ಮಾಡಿಯೇಬಿಟ್ಟೆ. ಎದುರು ಬೆಂಚಿನಲ್ಲಿ ಸ್ಪಾನರ್ ಒರೆಸುತ್ತಿದ್ದ ಭಾವ ತಲೆಯೆತ್ತಿದರು.

ಅಕ್ಕನ ಕಡ್ಡಿಗಳು ನಿಂತವು.

"ಅದೇನೋ ಅದು?" ಎಂದಳು. "ಒಳಗೆ ಯಾರೋ ಬೆರಳಲ್ಲಿ ಬಾಗಿಲು ತಟ್ಟಿದ ಹಾಗಿದೆ. ಟಕ್ ಟಕ್ ಅಂತ. ಆಫ್ ಮಾಡು, ಹಲ್ಲು ಜುಮ್ಮನ್ನುತ್ತೆ."

ನನಗೇನೂ ಕೇಳಿಸಿರಲಿಲ್ಲ. ನನಗೆ ಸಿಂಹ ಮಾತ್ರ ಕೇಳಿಸಿತ್ತು. ಆದರೆ ಭಾವನ ಕೈಯಿಂದ ಸ್ಪಾನರ್ ಜಾರಿ ಬಿತ್ತು. ಮುಖ ಬಿಳಿಚಿಕೊಂಡಿತ್ತು. ನಾನು ಇಂಜಿನ್ ಆರಿಸಿ ಓಡಿ ಬಂದು ಹಿಡಿದುಕೊಂಡೆ. ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟ ಮೇಲೆ ಭಾವ ಬಾಯಿ ಬಿಟ್ಟರು.

"ನಂಗೆ ಕಿವಿ ಕೇಳಿಸಲ್ಲ. ಎರಡು ವರ್ಷ ಆಯ್ತು. ದಪ್ಪ ಸದ್ದು ಕೇಳಿಸುತ್ತೆ, ಸಣ್ಣ ಸದ್ದೆಲ್ಲ ಹೋಯ್ತು. ಇವಳು ಮೂವತ್ತು ವರ್ಷ ಇಲ್ಲಿ ಕೂತವಳು. ಇಂಜಿನ್ ಒಳಗೆ ಏನಾದ್ರೂ ಸರಿ ಇಲ್ಲ ಅಂದ್ರೆ ಇವಳ ಕೈ ತಾನಾಗೇ ನಿಂತ್ಬಿಡುತ್ತೆ. ಇವಳಿಗೇ ಅದು ಗೊತ್ತಿಲ್ಲ. ಕೈ ನಿಂತ್ರೆ ಬಿಡಿ ಅಂತೀನಿ, ನಿಲ್ಲದಿದ್ರೆ ತಗೊಳ್ಳಿ ಅಂತೀನಿ. ಅಷ್ಟೆ ನನ್ನ ವಿದ್ಯೆ."

ಕಿವಿ ಹೋದ ಮೇಲೂ ಅವರು ಎಲ್ಲರ ಬಾಯಿ ಮುಚ್ಚಿಸುತ್ತಿದ್ದುದು ಯಾಕೆಂದು ನನಗೆ ಆಗ ಹೊಳೆಯಿತು. ಯಾರೂ ಮಾತಾಡದಿದ್ದರೆ, ಇವರಿಗೆ ಕೇಳಿಸುವುದಿಲ್ಲ ಎಂದು ತಿಳಿಯುವುದಾದರೂ ಹೇಗೆ? ನಿನ್ನೆ ಅಕ್ಕ ಇರಲಿಲ್ಲ. ನೋಡಲು ಆ ಕೈಗಳಿಲ್ಲದೆ, ಕೊಳ್ಳುವವರ ಮುಖ ನೋಡಿ ತೀರ್ಪು ಕೊಟ್ಟುಬಿಟ್ಟಿದ್ದರು.

ಅಕ್ಕ ಹೆಣಿಗೆಯನ್ನು ಮಡಿಲಲ್ಲಿಟ್ಟಳು. ಕಣ್ಣು ತುಂಬಿತ್ತು, ಸಿಟ್ಟೂ ಬಂದಿತ್ತು. "ಈ ವಯಸ್ಸಲ್ಲೂ ಕೆಲಸ ಬಿಟ್ಟು ನನ್ನನ್ನೇ ನೋಡ್ತಾ ಇರ್ತಾರಲ್ಲ ಅಂತ ಎರಡು ವರ್ಷದಿಂದ ಒಳಗೊಳಗೇ ಖುಷಿ ಪಟ್ಕೊಂಡಿದ್ದೆ," ಎಂದಳು. "ನೀವು ನೋಡ್ತಿದ್ದಿದ್ದು ಕಡ್ಡೀನಾ?"

ನನಗೆ ನಗು ಬಂತು, ಅಳುವೂ ಬಂತು. ಭಾವನಿಗೆ ಅವಳ ಮಾತು ಪೂರ್ತಿ ಕೇಳಿಸಿತೋ ಇಲ್ಲವೋ, ತಲೆ ತಗ್ಗಿಸಿದರು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಮೂವತ್ತು ವರ್ಷದ ಹೆಸರು. ನಾನೇ ಒಂದು ಉಪಾಯ ಹೇಳಿದೆ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. "ಭಾವ, ಇನ್ನೊಂದು ಸಲ ನೋಡಿದೆ, ಮನಸ್ಸು ಬದಲಾಯ್ತು ಅಂತ ಹೇಳಿದ್ರೆ ಆಯ್ತು. ಕಿವಿ ವಿಷಯ ಯಾಕೆ ಎತ್ಬೇಕು? ಬಾಯಿ ಬಿಟ್ರೆ ಬಣ್ಣಗೇಡು." ಈ ಮಾತು ಅವರ ಎದುರೇ ನಿಂತು ಹೇಳಿದ್ದರಿಂದ ಕೇಳಿಸಿತು. "ನಾಳೆ ಇನ್ನೊಬ್ರು ಬರ್ತಾರಲ್ಲೋ, ಅವ್ರಿಗೂ ಸುಳ್ಳು ಹೇಳ್ಲಾ?" ಎಂದು ಅಂಗಿ ಬದಲಿಸಿ ಡಾಕ್ಟ್ರಮ್ಮನ ಕ್ಲಿನಿಕ್ಕಿಗೆ ಹೊರಟೇಬಿಟ್ಟರು. ಫೋನಿನಲ್ಲಿ ಕೇಳಿಸುವುದಿಲ್ಲವಲ್ಲ, ನಡೆದೇ ಹೋಗಬೇಕಿತ್ತು. ಮನಸ್ಸು ತಡೆಯದೆ ನಾನೂ ಹಿಂದೆ ಹೋದೆ.

ಕ್ಲಿನಿಕ್ಕಿನ ಅರ್ಧ ಸಾಮಾನು ಆಗಲೇ ರಟ್ಟಿನ ಪೆಟ್ಟಿಗೆ ಸೇರಿತ್ತು. ಭಾವ ರೋಗಿಗಳ ಕುರ್ಚಿಯ ಪಕ್ಕ ನಿಂತು, ಹೋಮ್‌ವರ್ಕ್ ಮಾಡದ ಹುಡುಗನ ಹಾಗೆ, ಎಲ್ಲವನ್ನೂ ಒಪ್ಪಿಸಿದರು. ಡಾಕ್ಟ್ರಮ್ಮ ಕೈಗವಸು ಕಳಚಿ, ಮುಖದ ಮಾಸ್ಕ್ ತೆಗೆದು, ಅವರ ಎದುರಿಗೇ ಬಂದು ನಿಂತು ನಿಧಾನವಾಗಿ ಹೇಳಿದರು.

"ನಂಗೆ ನಿನ್ನೇನೇ ಅನುಮಾನ ಬಂತು ಮೇಸ್ತ್ರಿಗಳೇ. ನಿಮ್ಮ ಬೆನ್ನ ಹಿಂದೆ ನಿಂತು ಮೂರು ಸಲ ಕರೆದೆ. ನೀವು ತಿರುಗಲೇ ಇಲ್ಲ."

"ಮತ್ತೆ ಯಾಕೆ ಸುಮ್ಮನಿದ್ರಿ?" ಎಂದೆ ನಾನು.

"ನಂಗೆ ಬೇಕಾದ ಮಾತನ್ನೇ ಹೇಳಿದ್ರಲ್ಲ," ಎಂದರು ಡಾಕ್ಟ್ರಮ್ಮ. "ರಾತ್ರಿಯೆಲ್ಲ ಅದನ್ನೇ ಯೋಚ್ನೆ ಮಾಡ್ತಿದ್ದೆ. ಕೇಳಿಸ್ಕೊಳ್ಳದೆ ಇದ್ದವರಲ್ಲಿ ನಾನೂ ಒಬ್ಬಳು." ಆಮೇಲೆ ಭಾವನ ಕಡೆ ತಿರುಗಿ, "ನಾಳೆ ನಿಮ್ಮ ಮನೆಯವರು ಇರ್ತಾರಾ?" ಎಂದರು.

ಶನಿವಾರ ಅಕ್ಕನನ್ನು ಒಪ್ಪಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು. "ನಂಗೇನೋ ಗೊತ್ತು ಕಾರಿನ ವಿಷಯ? ತಪ್ಪಾದ್ರೆ ಅವರ ದುಡಿಮೆಯೆಲ್ಲ ಹಾಳಾಗಲ್ವಾ?" ಎಂದು ಕೂತಲ್ಲಿಂದ ಏಳಲಿಲ್ಲ. ಡಾಕ್ಟ್ರಮ್ಮ ಹೋಗಿ ಪಕ್ಕದಲ್ಲಿ ಕೂತರು. "ಏಳೋದೇನೂ ಬೇಡ. ನೀವು ಸುಮ್ನೆ ಹೆಣೀತಾ ಇರಿ," ಎಂದರು.

ಭಾವ ಹೇಳಿದಂತೆ ಎರಡೂ ಇಂಜಿನ್ ತಣ್ಣಗಿರುವಾಗಲೇ ಶುರು ಮಾಡಿದೆವು. ಮೊದಲು ನೀಲಿ. ಅಕ್ಕನ ಕಡ್ಡಿಗಳು ಒಂದು ಸಾಲು ಮುಗಿಸಿ ಇನ್ನೊಂದಕ್ಕೆ ತಿರುಗಿದವು. ನಾನು ಕಾರಿನೊಳಗಿಂದ ಆಕ್ಸಲರೇಟರ್ ಒತ್ತಿದೆ, ಬಿಟ್ಟೆ, ಮತ್ತೆ ಒತ್ತಿದೆ. ಕಡ್ಡಿ ತನ್ನ ಪಾಡಿಗೆ ಆಡುತ್ತಿತ್ತು. ಆಮೇಲೆ ಹಳದಿ. ಅರ್ಧ ನಿಮಿಷಕ್ಕೆ ಕೈ ನಿಂತಿತು. ಈ ಸಲ ಅಕ್ಕನೇ ಅದನ್ನು ಗಮನಿಸಿ, ತನ್ನ ಕೈಯನ್ನು ತಾನೇ ಬೆರಗಾಗಿ ನೋಡಿಕೊಂಡಳು.

ಭಾವ ಸದ್ದು ಎಲ್ಲಿಂದ ಬರುತ್ತದೆಂದು ಅಕ್ಕನನ್ನು ಕೇಳಿ ಕೇಳಿ, ಆ ಕಡೆಯ ಮುಚ್ಚಳ ಬಿಚ್ಚಿದರು. ಒಳಗಿನ ಚೈನು ಸಡಿಲಾಗಿ ಪಕ್ಕದ ಲೋಹವನ್ನು ಉಜ್ಜಿ ಗೆರೆ ಎಳೆದಿತ್ತು. ಇನ್ನು ಕೆಲವು ಸಾವಿರ ಕಿಲೋಮೀಟರ್ ಓಡಿದ್ದರೆ ಇಂಜಿನ್ ನುಚ್ಚುನೂರು. ಡಾಕ್ಟ್ರಮ್ಮ ಆ ಗೆರೆಯ ಮೇಲೆ ಬೆರಳಾಡಿಸಿದರು. "ಹುಳುಕು," ಎಂದರು. "ಮೇಲಿಂದ ಬೆಳ್ಳಗಿರೋ ಹಲ್ಲೇ ಒಳಗೆ ಹೀಗಿರುತ್ತೆ." ಹಳದಿ ಕಾರಿನ ಮೈ ಒಂದು ಸಲ ಸವರಿ, ಅದರ ಕೀಲಿ ತೆಗೆದು ನನ್ನ ಕೈಗಿಟ್ಟರು. ಬೇಸರ ಆಗಿರಲಿಲ್ಲ ಎಂದರೆ ಸುಳ್ಳು.

ಭಾವ ಅಕ್ಕನ ಕಡೆ ತಿರುಗಿದರು. "ಹೇಳು," ಎಂದರು. "ಇನ್ಮೇಲೆ ನೀನೇ ಹೇಳು."

ಅಕ್ಕ ನಾಚಿ ಕೆಂಪಾದಳು. ಸೆರಗು ಸರಿಮಾಡಿಕೊಂಡಳು. "ನೀಲೀದು," ಎಂದು ಗಂಟಲು ಸರಿಪಡಿಸಿಕೊಂಡು, "ತಗೊಳ್ಳಿ," ಎಂದಳು.

"ಹಾಗಾದ್ರೆ ನೀವೂ ಬನ್ನಿ," ಎಂದರು ಡಾಕ್ಟ್ರಮ್ಮ.

ಕಾರಿನಲ್ಲಿರುವುದು ಎರಡೇ ಸೀಟು. ಭಾವ, ನಾನು ಬೀದಿಯಲ್ಲೇ ಉಳಿದೆವು. ಹತ್ತು ನಿಮಿಷಕ್ಕೆ ಬರುತ್ತೇವೆ ಎಂದು ಹೋದವರು ಒಂದು ಗಂಟೆಯಾದರೂ ಪತ್ತೆಯಿಲ್ಲ. ಬಂದಾಗ ಅಕ್ಕನ ತುರುಬು ಬಿಚ್ಚಿಹೋಗಿತ್ತು, ಮಂಡಿನೋವು ಮರೆತೇಹೋಗಿತ್ತು. "ನೂರರವತ್ತು!" ಎಂದು ಕೂಗಿದಳು. ಆ ಕೂಗು ಭಾವನಿಗೂ ಕೇಳಿಸಿತು. ಡಾಕ್ಟ್ರಮ್ಮ ಸ್ಟೀರಿಂಗ್ ಬಿಡದೆ ಕೂತಿದ್ದರು. ಗುರುವಾರ ಕಂಡಿದ್ದ ಆ ಹನ್ನೆರಡು ವರ್ಷದ ಮುಖ ವಾಪಸು ಬಂದಿತ್ತು.

ಅದರ ಮುಂದಿನ ವಾರ ಡಾಕ್ಟ್ರಮ್ಮ ಅದೇ ಕಾರಿನಲ್ಲಿ ಭಾವನನ್ನು ತಮ್ಮ ಪರಿಚಯದ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಊರಿಗೆ ವಿಷಯ ತಿಳಿದ ಮೇಲೆ ಬರುವವರು ಕಡಿಮೆಯಾಗುತ್ತಾರೆ ಎಂದು ನಾನು ಹೆದರಿದ್ದೆ. ಕೆಲವರು ಬಿಟ್ಟರು, ನಿಜ. ಉಳಿದವರು ಈಗ ಬಂದು ಮೊದಲು ಕೇಳುವುದು, "ಅಮ್ಮ ಇದಾರಾ?" ಎಂದು.

ಕಿವಿಯ ಯಂತ್ರ ಹಾಕಿಸಿಕೊಂಡು ಬಂದ ದಿನ ಭಾವ ಗ್ಯಾರೇಜಿನ ಬಾಗಿಲಲ್ಲೇ ನಿಂತುಬಿಟ್ಟರು. ಒಳಗೆ ಯಾವ ಇಂಜಿನ್ನೂ ಓಡುತ್ತಿರಲಿಲ್ಲ. ಬಹಳ ಹೊತ್ತು, ಹಿಂದೆ ಮಾಡುತ್ತಿದ್ದಂತೆ ಕಣ್ಣು ಪೂರ್ತಿ ಮುಚ್ಚಿ, ಏನನ್ನೋ ಕೇಳಿಸಿಕೊಂಡರು.

"ಏನು ಭಾವ?" ಎಂದೆ.

"ಶ್," ಎಂದರು. "ಬಾಯಿ ಮುಚ್ಕೋ. ಕಡ್ಡಿ ಸದ್ದು."