ನಸೀಮಾ ಮೇಡಂ ಏರಿಸಿದರೆ

ಮೊನ್ನೆ ಬೀರು ಚೊಕ್ಕಟ ಮಾಡುತ್ತಿದ್ದಾಗ ಮೊಮ್ಮಗಳು ಡ್ರಾಯರಿನಿಂದ ಒಂದು ರೇಷ್ಮೆಗೂಡು ಹೆಕ್ಕಿ ತಂದಳು. “ಅಜ್ಜಿ, ಒಳಗೇನಿದೆ?” ಚಿಟ್ಟೆ ತೂತು ಕೊರೆದು ಹೊರಟುಹೋದ ಗೂಡು, ಒಳಗೆ ಏನೂ ಇರುವುದಿಲ್ಲ. ಆದರೆ ನನ್ನ ಪಾಲಿಗೆ ಅದು ಪೋಕರ್ ಇಸ್ಪೀಟಾಟದಲ್ಲಿ ಪಣಕ್ಕಿಡುವ ಕಾಯಿ. ನಗಬೇಡಿ, ಹಳಗನ್ನಡ ಪಾಠ ಮಾಡುವವಳಿಗೂ ಒಂದು ಚಟ ಇರಬಾರದೇ?

ಚಿಕ್ಕಬಳ್ಳಾಪುರದ ನಮ್ಮ ಕಾಲೇಜಿನಲ್ಲಿ ಆಗ ಊಟದ ಬಿಡುವಿಗೆ ನಾವು ನಾಲ್ವರು ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಸೇರುತ್ತಿದ್ದೆವು. ಆಟ ಕಲಿಸಿದವರು ಗಣಿತದ ಮೇಷ್ಟ್ರು. ದುಡ್ಡು ಕಟ್ಟಿ ಆಡುವುದು ಯಾರಿಗೂ ಬೇಡವಾಗಿತ್ತು. ಹಾಗಾಗಿ ಪ್ರಾಣಿಶಾಸ್ತ್ರದ ನಸೀಮಾ ಮೇಡಂ ಶಿಡ್ಲಘಟ್ಟದ ತವರಿನಿಂದ ಒಂದು ಚೀಲ ಕೆಟ್ಟ ಗೂಡು ತಂದರು. ಅವರ ತಂದೆ ಗೂಡು ಕೊಂಡು ನೂಲು ತೆಗೆಸುವವರು. ಟೇಬಲ್ಲಿನ ತುಂಬ ಗೂಡಿನ ಘಾಟು, ಜೊತೆಗೆ ನನ್ನ ಡಬ್ಬಿಯ ಮಾವಿನಕಾಯಿ ಉಪ್ಪಿನಕಾಯಿ. ಇವತ್ತಿಗೂ ಆ ಎರಡು ವಾಸನೆ ಸೇರಿದರೆ ನನಗೆ ಹಸಿವಾಗುತ್ತದೆ.

ನಸೀಮಾ ಮೇಡಂ ಆಟವೆಂದರೆ ಹರಾಜು. ನಾನು ಅಳುಕುತ್ತಾ ನಾಲ್ಕು ಗೂಡು ಮುಂದಿಟ್ಟರೆ, ಅವರು ಹನ್ನೆರಡು ಸುರಿಯುವರು. “ಏನ್ರೀ, ಇಷ್ಟೇನಾ?” ನಾನು ಇಸ್ಪೀಟಿನ ಎಲೆ ಮಗುಚಿಟ್ಟು, ಆ ಆಟ ಬಿಟ್ಟುಕೊಟ್ಟು ಮಜ್ಜಿಗೆ ಕುಡಿಯುತ್ತಾ ಕೂರುವೆ. ಮನೆಯಲ್ಲೂ ನಾನು ಹಾಗೆಯೇ. ಸೊಪ್ಪಿನವಳು ಕಣ್ಣು ದೊಡ್ಡದು ಮಾಡಿದರೆ ಸಾಕು, ಬೇಡದ ಎರಡು ಕಟ್ಟು ಕೊಂಡುಬಿಡುತ್ತೇನೆ.

“ಅವರು ಪಣ ಏರಿಸಿದ್ರೆ ನೀವೂ ಏರಿಸೋಕೆ ಹೋಗ್ಬೇಡಿ, ಓಡಲೂ ಬೇಡಿ,” ಎಂದರು ಗಣಿತದ ಮೇಷ್ಟ್ರು ಒಂದು ದಿನ. “ಒಳ್ಳೆ ಎಲೆಗೆ ಕಾಯಿರಿ. ಬಂದ್ರೆ ಸುಮ್ನೆ ಅವರು ಇಟ್ಟಷ್ಟೇ ಇಡಿ. ಮಿಕ್ಕಿದ್ದು ಅವರೇ ತುಂಬ್ತಾರೆ.”

ಕಾಯುತ್ತಾ ಕೂತವಳಿಗೆ ನೋಡುವುದೊಂದೇ ಕೆಲಸ. ನೋಡುತ್ತಾ ನೋಡುತ್ತಾ ಒಂದು ಗುಟ್ಟು ಗೊತ್ತಾಯಿತು. ಗೂಡು ಕೊಳ್ಳುವವರು ಮಾಲಿನ ಮೇಲೆ ಅನುಮಾನ ಬಂದರೆ ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳದ ಸದ್ದು ಕೇಳುತ್ತಾರಂತೆ. ಎಲೆ ಕೆಟ್ಟದಾಗಿದ್ದಾಗ ನಸೀಮಾ ಮೇಡಂ ಕೈ ತಾನಾಗಿ ಹಾಗೆ ಮಾಡುತ್ತಿತ್ತು. ಎಲೆ ಚೆನ್ನಾಗಿದ್ದರೆ ಅಲ್ಲಾಡಿಸುತ್ತಿರಲಿಲ್ಲ. ನಾನು ಇದನ್ನು ಯಾರಿಗೂ ಹೇಳಲಿಲ್ಲ.

ಆ ಮಾರ್ಚಿನಲ್ಲಿ ಚಿಂತಾಮಣಿಯ ಪರೀಕ್ಷಾ ಕೇಂದ್ರದ ಕೆಲಸಕ್ಕೆ ನಸೀಮಾ ಮೇಡಂ, ನಾನು, ನಮ್ಮಿಬ್ಬರಲ್ಲಿ ಒಬ್ಬರು ಹದಿನೈದು ದಿನ ಹೋಗಬೇಕಾಯಿತು. “ನೀವೇ ತೀರ್ಮಾನ ಮಾಡ್ಕೊಳ್ಳಿ,” ಎಂದರು ಪ್ರಿನ್ಸಿಪಾಲರು. ಮನೆಯಲ್ಲಿ ಮಗಳ ಬಾಣಂತನ. ಹನ್ನೊಂದು ದಿನದ ಕೂಸು. ಬೆಳಗಿನ ಎಣ್ಣೆನೀರು ನನ್ನ ಕೈಯಿಂದಲೇ ಆಗಬೇಕು, ಬೇರೆಯವರ ಕೈಗೆ ಕೊಡಲು ನನಗೆ ಮನಸ್ಸೇ ಇಲ್ಲ. ಆದರೆ ಬಾಯಿಬಿಟ್ಟು ಹೇಳಿದೆನೇ? ಇಲ್ಲ. ಕೂಸು ಹುಟ್ಟಿದ್ದನ್ನೇ ನಾನು ಕಾಲೇಜಿನಲ್ಲಿ ಹೇಳಿರಲಿಲ್ಲ, ದೃಷ್ಟಿಯ ಭಯ.

“ಒಂದಾಟ ಆಡಿಬಿಡಣ ಕಣ್ರೀ. ಸೋತೋರು ಚಿಂತಾಮಣಿಗೆ,” ಎಂದರು ನಸೀಮಾ ಮೇಡಂ.

ನನಗೆ ಬಂದದ್ದು ಒಂಬತ್ತರ ಜೋಡಿ. ಅಂಥಾ ದೊಡ್ಡದಲ್ಲ. ಆರು ಗೂಡು ಇಟ್ಟೆ. ಅವರು ಇಪ್ಪತ್ತು ಇಟ್ಟರು. ನಾನೂ ಅಷ್ಟೇ ಇಟ್ಟೆ. ಇಬ್ಬರಿಗೂ ಸೇರುವ ಐದೂ ಎಲೆ ಟೇಬಲ್ಲಿನ ಮೇಲೆ ಬಿದ್ದವು. ಅದರಲ್ಲೊಂದು ರಾಜ, ಅವರ ಕೈಯಲ್ಲಿ ಇನ್ನೊಂದು ರಾಜ ಇದ್ದರೆ ನಾನು ಸೋತಂತೆ. ಅವರು ತಮ್ಮೆದುರಿನ ರಾಶಿಯನ್ನೆಲ್ಲ ನೂಕಿ, ಅದರಿಂದಲೇ ಒಂದು ಗೂಡನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು.

“ನಾನೂ ಅಷ್ಟೇ ಇಟ್ಟಿದ್ದೀನಿ,” ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಎಲೆ ತಿರುಗಿಸಿದರೆ ಅವರ ಕೈಯಲ್ಲಿ ಒಂದು ಜೋಡಿಯೂ ಇರಲಿಲ್ಲ. “ಅರೆ! ಇಷ್ಟು ವರ್ಷಕ್ಕೆ ಒಂದ್ಸಲ ನಿಂತ್ರಲ್ಲಾ!” ಎಂದು ಗೆದ್ದವರಂತೆ ನಕ್ಕರು. ಸಂತೋಷದಲ್ಲಿ ಕೂಸಿನ ವಿಷಯ ನನ್ನ ಬಾಯಿಂದ ಜಾರಿತು. ಅವರ ನಗು ನಿಂತಿತು. “ಏನಮ್ಮ ನೀವು, ಅದನ್ನ ಹೇಳೋಕೆ ಇಸ್ಪೀಟು ಬೇಕಿತ್ತಾ? ಕೇಳಿದ್ರೆ ನಾನೇ ಹೋಗ್ತಿರಲಿಲ್ವಾ?” ಎಂದು ಗದರಿ, ಒಂದು ಗೂಡನ್ನು ನನ್ನ ಕೈಯಲ್ಲಿಟ್ಟರು. ನನಗೆ ಗೆದ್ದ ಖುಷಿಗಿಂತ ನಾಚಿಕೆಯೇ ಹೆಚ್ಚಾಯಿತು.

ಆ ಕೂಸೇ ಮೊನ್ನೆ ಬೀರು ಕೆದಕಿದ್ದು. ನಾನು ಗೂಡನ್ನು ಅವಳಿಂದ ಇಸಿದುಕೊಂಡೆ, ಅಷ್ಟರಲ್ಲಿ ಫೋನು ಬಂತು. ಪ್ರಿನ್ಸಿಪಾಲರು. “ಮೇಡಂ, ಈ ಸಲ ಗೌರಿಬಿದನೂರು ಸೆಂಟರಿಗೆ ನಿಮ್ಮ ಹೆಸರೇ ಬರ್ಕೊಳ್ಳಲಾ? ನೀವಾದ್ರೆ ಇಲ್ಲ ಅನ್ನಲ್ಲ.”

“ಈ ಸಲ ಆಗಲ್ಲ ಸಾರ್. ಮೊಮ್ಮಗಳು ರಜಕ್ಕೆ ಬಂದಿದ್ದಾಳೆ, ಅವಳ ಜೊತೆ ಇರಬೇಕು.”

“ಆಯ್ತು ಮೇಡಂ, ಬೇರೆಯವರನ್ನ ಕೇಳ್ತೀನಿ.”

ಫೋನಿಟ್ಟು ನೋಡಿಕೊಂಡೆ. ಗೂಡು ಅಂಗೈಯಲ್ಲೇ ಇತ್ತು. ನಸೀಮಾ ಮೇಡಂ ಹಾಗೆ ಅದನ್ನು ಕಿವಿಯ ಹತ್ತಿರ ಒಯ್ದು ಅಲ್ಲಾಡಿಸಿರಲಿಲ್ಲ.