ಎರಡು ಮುಷ್ಟಿಯ ಡಾಕ್ಟರು

ಶಿಡ್ಲಘಟ್ಟದಲ್ಲಿ ನಾನು ಚರಕದ ಮುಂದೆ ಕೂತು ರೇಷ್ಮೆ ನೂಲು ತೆಗೆಯುತ್ತಿದ್ದ ಕಾಲಕ್ಕೆ ನಮಗೊಬ್ಬ ಡಾಕ್ಟರಿದ್ದರು. ಸೈಕಲ್ ಮೇಲೆ ಹೋಗುವಾಗಲೂ ಎದುರು ಸಿಕ್ಕವರನ್ನು "ನೀರು ಕುಡಿದ್ಯೇನಪ್ಪ?" ಎಂದು ಕೇಳದೆ ಬಿಡುತ್ತಿರಲಿಲ್ಲ.

ಕೂತರೆ ಏಳದ ಕೆಲಸಗಾರನೆಂದು ನನಗೆ ಹೆಸರಿತ್ತು. ಮೂತ್ರಕ್ಕೆಂದು ಎದ್ದರೆ ಎಳೆ ಕಡಿಯುತ್ತದೆಂದು, ಗೂಡು ಬೇಯುವ ಬಾಣಲೆಯ ಬಿಸಿನೀರಿನ ಹಬೆಯಲ್ಲಿ ಬೆವರುತ್ತಿದ್ದರೂ ನೀರೇ ಕುಡಿಯುತ್ತಿರಲಿಲ್ಲ. ಒಂದು ದಿನ ಸೊಂಟ ಹಿಡಿದುಕೊಂಡು ಉರುಳಾಡಿಬಿಟ್ಟೆ.

ಸೈಕಲ್ ಏರಿ ಬಂದ ಡಾಕ್ಟರು ಜೊತೆ ಕೆಲಸದವರ ಎದುರಿಗೇ ತಮ್ಮ ಎರಡು ಮುಷ್ಟಿಗಳನ್ನು ಬೆನ್ನಿಗೆ, ಪಕ್ಕೆಲುಬಿನ ಕೆಳಗೆ ಆನಿಸಿ ತೋರಿಸಿದರು. "ಮೂತ್ರಪಿಂಡ ಇಲ್ಲಿರ್ತವೆ. ಅವರೆಕಾಳಿನ ಆಕಾರ, ಇಷ್ಟು ಗಾತ್ರ. ಒಳಗೆ ನಿನ್ನ ಗೂಡಿನ ಎಳೆ ಥರ ಸಣ್ಣ ಕೊಳವೆಗಳು ಸುತ್ಕೊಂಡಿರ್ತವೆ. ರಕ್ತ ಸೋಸಿ, ಒಳ್ಳೇದನ್ನ ವಾಪಸ್ ಕೊಟ್ಟು, ಕೊಳೇನ ನೀರಿನ ಜೊತೆ ಆಚೆಗೆ ಕಳಿಸ್ತವೆ. ನೀರು ಸಾಲ್ದಿದ್ರೆ ಕೊಳೆ ಗಟ್ಟಿಯಾಗಿ ಕಲ್ಲಾಗುತ್ತೆ. ಬಾಣಲೆ ನೀರು ಬದಲಾಯಿಸ್ದೆ ನೂಲು ತೆಗೀತೀಯೇನಯ್ಯ?"

"ಛೇ, ನೂಲು ಕೆಡುತ್ತೆ ಸಾರ್!"

"ಮತ್ತೆ? ನೀರು ಕುಡಿ. ಮುಂದಿನ ಸಂತೆ ಹೊತ್ತಿಗೆ ಕಲ್ಲು ಬೀಳ್ದಿದ್ರೆ ಬೆಂಗಳೂರಿಗೆ ಹೋಗಿ ಕೊಯ್ಸ್ಕೋಬೇಕು."

ಆ ಹೆದರಿಕೆಗೆ ಚರಕದ ಪಕ್ಕದಲ್ಲೇ ಕೊಡ ಇಟ್ಟುಕೊಂಡೆ. ಕುಡಿದು ಕುಡಿದು ಎದ್ದು ಹೋಗುವಾಗಲೆಲ್ಲ ಜೊತೆಯವರು "ಏನಣ್ಣ, ನೀನೂ ಏಳ್ತೀಯಾ?" ಎಂದು ಮುಷ್ಟಿಗಳನ್ನು ಬೆನ್ನಿಗಿಟ್ಟು ನಗುತ್ತಿದ್ದರು. ಸಂತೆಯ ಹಿಂದಿನ ದಿನ ಕಲ್ಲು ಬಿತ್ತು. ಕಾಗದದಲ್ಲಿ ಸುತ್ತಿಕೊಂಡು ಡಾಕ್ಟರ ಹತ್ತಿರ ಓಡಿದೆ.

ಅವರು ಅದನ್ನು ಬೆಳಕಿಗೆ ಹಿಡಿದು, "ನಿನ್ನ ಹೆಂಡ್ತಿ ಮೂಗುಬೊಟ್ಟಿಗೆ ಕೂರ್ಸೋಣ್ವೇನಯ್ಯ?" ಎಂದರು. ಕಾದಿದ್ದ ರೋಗಿಗಳೆಲ್ಲ ನಕ್ಕರು. ನಾನು ಇನ್ನೂ ಏದುಸಿರು ಬಿಡುತ್ತಿದ್ದೆ.

"ನೀರು ಕುಡಿದ್ಯೇನಪ್ಪ?"

ಖುಷಿಯಲ್ಲಿ ಮರೆತೇಬಿಟ್ಟಿದ್ದೆ. ಅವರು ತಮ್ಮ ಚೊಂಬನ್ನೇ ನನ್ನ ಕೈಗೆ ಕೊಟ್ಟು, ನಾನು ಗಟಗಟ ಕುಡಿದು ಮುಗಿಸುವವರೆಗೂ ಎರಡು ಮುಷ್ಟಿಗಳನ್ನು ಬೆನ್ನಿಗಿಟ್ಟುಕೊಂಡು ನಿಂತಿದ್ದರು.