ಸ್ಟಿಕ್ಕರ್ ಕೀಳದ ತಟ್ಟೆ

ರುದ್ರಣ್ಣ ಕೋಟೆ ನೋಡಲು ಹೊರಟರೆ ಕಂಕುಳಲ್ಲಿ ಒಂದು ಸ್ಟೀಲಿನ ಊಟದ ತಟ್ಟೆ ಇರುತ್ತಿತ್ತು. ಊಟಕ್ಕಲ್ಲ. ಸವೆದ ಕಲ್ಲಿನ ಪಕ್ಕ ನಿಂತು, ಬಿಸಿಲನ್ನು ತಟ್ಟೆಯಲ್ಲಿ ಹಿಡಿದು, ಓರೆಯಾಗಿ ಕಲ್ಲಿನ ಮೇಲೆ ಹಾಯಿಸುತ್ತಿದ್ದರು. ಅಲ್ಲಿಯವರೆಗೆ ಬೋಳಾಗಿ ಕಂಡ ಕಲ್ಲಿನಿಂದ ಕುದುರೆಯ ಕಾಲೋ ಹೆಂಗಸಿನ ಜಡೆಯೋ ಮೆಲ್ಲಗೆ ಮೇಲೆ ಬರುತ್ತಿತ್ತು. "ಎದ್ಲು ನೋಡು," ಎನ್ನುತ್ತಿದ್ದರು, ನಿದ್ದೆಯಲ್ಲಿದ್ದವರನ್ನು ಎಬ್ಬಿಸಿದವರಂತೆ.

ಹೊಳೆನರಸೀಪುರದ ಪೇಟೆಯಲ್ಲಿ ಅವರದು ಪಾತ್ರೆ ಅಂಗಡಿ. ಕುಕ್ಕರಿನ ಗ್ಯಾಸ್ಕೆಟ್ ಕೊಳ್ಳಲು ಹೋದಾಗ, ನಾನು ಮೈಸೂರಿನಲ್ಲಿ ಚರಿತ್ರೆ ಓದಿದವನೆಂದು ತಿಳಿದು, "ಭಾನ್ವಾರ ಬನ್ನಿ ಸಾ, ಕಲ್ ನೋಡಕ್ ಓಗಾಣ" ಎಂದರು. ಎರಡು ತಿಂಗಳಲ್ಲಿ 'ಸಾ' ಹೋಗಿ 'ಲೇ ಮಂಜಾ' ಬಂತು.

ಅವರು ಹೇಳುತ್ತಿದ್ದುದರಲ್ಲಿ ಅರ್ಧಕ್ಕರ್ಧ ತಪ್ಪು. ಮೊಸಳೆ ಎಂಬ ಊರಿನ ಜೋಡಿ ಗುಡಿಗಳನ್ನು ಅಣ್ಣತಮ್ಮಂದಿರು ಪಾಲಾದ ಮೇಲೆ ಕಟ್ಟಿಸಿದ್ದು ಎಂದು ಸಾಧಿಸುತ್ತಿದ್ದರು.

"ಒಂದು ಶಿವನದು, ಒಂದು ವಿಷ್ಣುವಿನದು ರುದ್ರಣ್ಣ, ಪಾಲಿನ ಮಾತೇ ಇಲ್ಲ," ಎಂದೆ.

"ಅದನ್ನೇ ಏಳ್ತಿರಾದು ಕಣ್ಲಾ. ಪಾಲಾದ್ಮೇಲೆ ದೇವ್ರೂ ಬ್ಯಾರೆ ಆಗ್ದೆ ಇರ್ತವಾ?"

ಒಮ್ಮೆ ಅರಕಲಗೂಡಿನ ದಾರಿಯಲ್ಲಿ, ಹೊಲದ ಬದುವಿನಲ್ಲಿದ್ದ ವೀರಗಲ್ಲಿಗೆ ಬೆಳಕು ಹಿಡಿದಿದ್ದರು. ಊರಿನವರು ಅದಕ್ಕೆ ಎಣ್ಣೆ ಸವರಿ ಕುಂಕುಮ ಇಟ್ಟು ಪೂಜೆ ಮಾಡುತ್ತಿದ್ದರಂತೆ. ಹುಲ್ಲಿನ ಹೊರೆ ಹೊತ್ತು ಬಂದ ಹೆಂಗಸೊಬ್ಬಳು ಹೊರೆ ಬಿಸಾಕಿ ಕೂಗಿದಳು: "ಏನಣ್ಣಾ, ಇಬೂತಿ ಬಳ್ಕಂಡಿದ್ದೀಯ, ನಿಂಗ್ ಬುದ್ಧಿ ಬ್ಯಾಡ್ವಾ? ದೇವ್ರಿಗೆ ಉಣ್ಣೋ ತಟ್ಟೆ ತೋರುಸ್ತೀಯಲ್ಲ! ಎಂಜ್ಲು!"

ರುದ್ರಣ್ಣ ತಟ್ಟೆ ತಿರುಗಿಸಿ ಬೆನ್ನು ತೋರಿಸಿದರು. "ಇಲ್ನೋಡವ್ವ, ಸ್ಟಿಕ್ಕರ್ರೇ ಕಿತ್ತಿಲ್ಲ. ಒಂದು ಅಗುಳೂ ಬಿದ್ದಿಲ್ಲ ಇದ್ರ ಮ್ಯಾಲೆ."

ಅವಳು ಸ್ಟಿಕ್ಕರನ್ನು ಉಗುರಿನಿಂದ ಮುಟ್ಟಿ ನೋಡಿ, ಸಮಾಧಾನವಾಗಿ, ತಾನೂ ಕಲ್ಲಿನ ಮುಂದೆ ಕೂತಳು. ಬೆಳಕು ಹಾಯ್ದಾಗ ಬಿಲ್ಲು ಹಿಡಿದವನ ಮೊಣಕೈ ಕಂಡಿತು. "ಅಯ್ಯೋ ನಮ್ಮಪ್ಪನೇ, ಇಂಗಿದ್ಯಾ ನೀನು," ಎಂದಳು. ಅಂದಿನಿಂದ ರುದ್ರಣ್ಣ ಆ ತಟ್ಟೆಯನ್ನು ಮಡಿ ಬಟ್ಟೆಯಂತೆ ಕಾಪಾಡಿದರು. ಇಬ್ಬರೂ ಚಿತ್ರಾನ್ನವನ್ನು ಪೇಪರಿನ ಮೇಲೆ ತಿನ್ನುತ್ತಿದ್ದೆವು.

ನಾನು ಅವರ ಬೆನ್ನು ಹತ್ತಿದ್ದಕ್ಕೆ ನನ್ನದೇ ಕಾರಣವಿತ್ತು. ಅಪ್ಪ ಸತ್ತಾಗ ನಾನು ತೀರ ಚಿಕ್ಕವನು. ಅವರದೆಂದು ನನ್ನಲ್ಲಿ ಉಳಿದಿರುವುದು ಒಂದೇ ನೆನಪು: ಚನ್ನರಾಯಪಟ್ಟಣದ ಕೋಟೆ, ನೆರಳು, ಯಾರೋ ನನ್ನನ್ನು ಎತ್ತಿ ಹಿಡಿದು ನನ್ನ ಅಂಗೈಯನ್ನು ತಣ್ಣನೆಯ ಕಲ್ಲಿಗೆ ಒತ್ತುತ್ತಾರೆ, ಕಲ್ಲಿನಲ್ಲಿ ಮೀನು. ಅಮ್ಮನನ್ನು ಕೇಳಿದರೆ, "ನಿಮ್ಮಪ್ಪ ಯಾವ್ ಕೋಟೆಗೆ ಕರ್ಕಂಡೋಗಿದ್ರಪ್ಪ, ನಂಗೊತ್ತಿಲ್ಲ" ಎಂದಿದ್ದರು. ಓದು ಮುಗಿದ ಮೇಲೆ ನಾನೇ ಹೋಗಿ ಹುಡುಕಿದೆ. ಮೀನು ಇರಲಿಲ್ಲ. ಮನಸ್ಸು ಬೇಕಾದದ್ದನ್ನು ಕಟ್ಟಿಕೊಳ್ಳುತ್ತದೆ ಎಂದು ತರಗತಿಯಲ್ಲಿ ಕಲಿತವನಿಗೆ ಅಷ್ಟು ಸಾಕಾಗಿತ್ತು. ಎತ್ತಿ ಹಿಡಿದ ಅಪ್ಪನೂ ಹಾಗೆ ಮನಸ್ಸು ಕಟ್ಟಿಕೊಂಡದ್ದೇ ಎಂದು ಕೈಬಿಟ್ಟಿದ್ದೆ.

ನುಗ್ಗೇಹಳ್ಳಿಯ ಗುಡಿ ನೋಡಿ ಬರುತ್ತಾ ಇದನ್ನು ರುದ್ರಣ್ಣನಿಗೆ ಹೇಳಿಬಿಟ್ಟೆ. ಅವರು ಸ್ಕೂಟರನ್ನು ಚನ್ನರಾಯಪಟ್ಟಣದ ಕೋಟೆಯ ಕಡೆ ತಿರುಗಿಸಿದರು. ಬಾಗಿಲ ಒಳಗೋಡೆಗೆ ಬಿಸಿಲು ಬೀಳುವುದೇ ಇಲ್ಲ. ಅವರು ಹೊರಗೆ ಇಳಿಬಿಸಿಲಿನಲ್ಲಿ ನಿಂತು ತಟ್ಟೆಯಿಂದ ಬೆಳಕನ್ನು ಒಳಕ್ಕೆ ಎಸೆದರು. ಕಲ್ಲಿನಿಂದ ಕಲ್ಲಿಗೆ ಬೆಳಕು ಸರಿಯಿತು. ಏನೂ ಇಲ್ಲ. "ಸಾಕು ರುದ್ರಣ್ಣ," ಎಂದೆ. "ತಡಿಯಲಾ, ಸೂರ್ಯ ಇನ್ನೂ ಅವ್ನೆ." ತಟ್ಟೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. ಆಗ, ನನ್ನ ತಲೆಗಿಂತ ಮೇಲೆ, ಒಂದು ಬಾಲ ಕಂಡಿತು. ಆಮೇಲೆ ಹೊಟ್ಟೆ. ಆಮೇಲೆ ಕಣ್ಣು.

ನಾನು ತುದಿಗಾಲಲ್ಲಿ ನಿಂತು ಅಂಗೈ ಒತ್ತಿದೆ. ತಣ್ಣಗಿತ್ತು. ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ. "ಮೀನೇನೋ ಇದೆ. ಎತ್ತಿಕೊಂಡಿದ್ದು ಅಪ್ಪನೇ ಅಂತ ಹೇಗೆ ಹೇಳೋದು?"

ರುದ್ರಣ್ಣ ತಟ್ಟೆ ಕೆಳಗಿಳಿಸಿದರು. "ಅಲ್ಲೀಗಂಟ ನಿನ್ ಕೈ ಎಂಗ್ ಓಯ್ತಲಾ? ಅಷ್ಟುದ್ದ ಹುಟ್ಟಿದ್ಯಾ? ಯಾರೋ ಎತ್ತವ್ರೆ ತಾನೆ? ಬ್ಯಾರೆ ಯಾರ್ದಾದ್ರೂ ಮುಖ ನೆಪ್ಪೈತಾ?"

"ಇಲ್ಲ."

"ಅಂಗಾದ್ರೆ ನಿಮ್ಮಪ್ಪನೇ. ಇನ್ನ್ಯಾರು ಸುಮ್ಸುಮ್ನೆ ನಿನ್ನ ಹೊತ್ಕಂಡು ಮೀನ್ ತೋರುಸ್ತಾರೆ?"

ಯಾವ ಪರೀಕ್ಷಕನೂ ಒಪ್ಪದ ವಾದ. ನಾನು ಒಪ್ಪಿಕೊಂಡೆ. ಅಪ್ಪನನ್ನು ನನಗೆ ವಾಪಸ್ಸು ಕೊಟ್ಟವರು ರುದ್ರಣ್ಣ.

ಹೋದ ಕಾರ್ತಿಕದಲ್ಲಿ ಅವರು ತೀರಿಕೊಂಡರು. ಕ್ರಿಯೆಯೆಲ್ಲ ಕಳೆದ ಮೇಲೆ ಅಂಗಡಿಗೆ ಹೋಗಿ, ನಾಚಿಕೆ ಬಿಟ್ಟು ಆ ತಟ್ಟೆ ಕೇಳಿದೆ. ಅವರ ಮಗ ತಲೆ ಕೆರೆದುಕೊಂಡ. "ಅಯ್ಯೋ ಸಾ, ಸ್ಟಿಕ್ಕರ್ ಇತ್ತಲ್ಲ, ಹೊಸದು ಅಂತ ಸಾಲಿಗ್ ಜೋಡಿಸ್ಬುಟ್ಟೆ. ಮದ್ವೆ ಸೀಸನ್ ಬ್ಯಾರೆ, ಎಷ್ಟೋ ಮಾರಾಟ ಆಗೋದ್ವು." ಕಪಾಟಿನಲ್ಲಿ ಒಂದೇ ತರದ ತಟ್ಟೆಗಳು ಕೆಲವು ಉಳಿದಿದ್ದವು. ನಾನು ಮೇಲಿನದನ್ನು ತೆಗೆದುಕೊಂಡೆ.

ಮುಂದಿನ ಭಾನುವಾರ ಕೋಟೆಯ ಬಾಗಿಲ ಹೊರಗೆ ನಿಂತು ಅದನ್ನು ಎತ್ತಿ ಹಿಡಿದೆ. ಅದೇ ತಟ್ಟೆ ಎನ್ನಲು ನನ್ನ ಹತ್ತಿರ ಆಧಾರವಿಲ್ಲ. ಬೆಳಕು ಕಲ್ಲಿನಿಂದ ಕಲ್ಲಿಗೆ ಹೋಗಿ ನಿಂತಿತು. ಮೀನು ಎದ್ದಿತು. ತಟ್ಟೆ ಅಲುಗಿದಂತೆ ಅದು ಸ್ವಲ್ಪ ಹೊತ್ತು ಈಜುತ್ತಲೇ ಇತ್ತು.

ಅದೇ ತಟ್ಟೆ. ಇನ್ಯಾವುದು?